100ಕ್ಕೂ 80ಕ್ಕೂ ಇರುವ ವ್ಯತ್ಯಾಸ 20 ಅಲ್ಲ, 60

ಇಲ್ಲಿ ಸಾಮಾನ್ಯವಾಗಿ ಮಾತಾಡೋದು ಸಾಲ, ಇಎಂಐ, ತೆರಿಗೆ, ಸಂಬಳ ಇಂಥ ವಿಷಯ. ಇವತ್ತು ಭೌತಶಾಸ್ತ್ರ. ಗಾಬರಿ ಆಗಬೇಡಿ, ಬಿಕಾಂ ಓದಿದ ನನಗೆ ಅರ್ಥ ಆಗಿರೋದು ನಿಮಗೆ ಆಗದೇ ಇರೋಕೆ ಸಾಧ್ಯವೇ ಇಲ್ಲ. ಒಂದು ಕಾಗದ, ಪೆನ್ನು ಹತ್ತಿರ ಇದ್ದರೆ ಒಳ್ಳೆಯದು. ಗಾಡಿ ಓಡಿಸ್ತಾ ಕೇಳ್ತಿರೋರು ಕಾಗದ ಮರೆತುಬಿಡಿ, ರಸ್ತೆ ನೋಡ್ಕೊಳ್ಳಿ. ಇವತ್ತಿನ ಸಂಚಿಕೆ ಮುಖ್ಯವಾಗಿ ನಿಮಗೇ.

ಬೆಂಗಳೂರು–ಮೈಸೂರು ನಡುವೆ ವಾರಕ್ಕೊಮ್ಮೆ ಓಡಾಡೋ ಯಾರನ್ನಾದ್ರೂ ಕೇಳಿ, ಒಂದು ವಾದ ಖಂಡಿತ ಬರುತ್ತೆ. 80ರಲ್ಲಿ ಹೋಗೋದಕ್ಕೂ 100ರಲ್ಲಿ ಹೋಗೋದಕ್ಕೂ ಏನು ಮಹಾ ವ್ಯತ್ಯಾಸ, ಬರೀ 20 ತಾನೇ? ಗಾಡಿ ಚೆನ್ನಾಗಿದೆ, ಬ್ರೇಕ್ ಚೆನ್ನಾಗಿದೆ, ರಸ್ತೆ ಚೆನ್ನಾಗಿದೆ ಅಂತ. ಈ ಮೂರನ್ನೂ ಒಪ್ಪಿಕೊಂಡೇ ಲೆಕ್ಕ ಹಾಕೋಣ. ಬೇಕಾಗಿರೋದು ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ 'ಚಲನೆ' ಅನ್ನೋ ಪಾಠದಲ್ಲಿದ್ದ ಮೂರು ಸಮೀಕರಣ ಅಷ್ಟೇ. ವಿ ಈಕ್ವಲ್ ಟು ಯು ಪ್ಲಸ್ ಎ ಟಿ ಅಂತ ರಾಗವಾಗಿ ಬಾಯಿಪಾಠ ಮಾಡಿದ್ವಲ್ಲ, ಅದೇ. ಪರೀಕ್ಷೆ ಮುಗಿದ ಮೇಲೆ ಅದನ್ನ ನಾವ್ಯಾರೂ ಮತ್ತೆ ಮುಟ್ಟಲಿಲ್ಲ. ಆದರೆ ದಿನಾ ಗಾಡಿ ಹತ್ತಿ ಅದರ ಮೇಲೇ ಓಡಾಡ್ತಿದ್ದೀವಿ.

ಆ ಸಮೀಕರಣಗಳಿಗೆ ಒಂದು ಷರತ್ತಿದೆ: ವೇಗೋತ್ಕರ್ಷ ಏಕರೂಪವಾಗಿರಬೇಕು. ಅಂದರೆ ಪ್ರತಿ ಸೆಕೆಂಡಿಗೂ ವೇಗ ಒಂದೇ ಅಳತೆಯಲ್ಲಿ ಏರಬೇಕು, ಇಲ್ಲವೇ ಒಂದೇ ಅಳತೆಯಲ್ಲಿ ಇಳಿಯಬೇಕು. ಇದನ್ನ ನಮ್ಮ ಭಾಷೆಗೆ ತರೋಣ. ನೀವು ತಿಂಗಳಿಗೆ 20,000 ಸಂಬಳಕ್ಕೆ ಸೇರಿದ್ರಿ. ವರ್ಷಕ್ಕೆ 2,000 ಇನ್‌ಕ್ರಿಮೆಂಟ್, ಕಮ್ಮಿ ಇಲ್ಲ, ಜಾಸ್ತಿ ಇಲ್ಲ. ಹನ್ನೊಂದನೇ ವರ್ಷದಲ್ಲಿ ನಿಮ್ಮ ಸಂಬಳ 40,000. ಇಷ್ಟು ವರ್ಷದಲ್ಲಿ ಒಟ್ಟು ಎಷ್ಟು ದುಡಿದ್ರಿ? ಹನ್ನೊಂದು ಸಾಲು ಬರೆದು ಕೂಡಬೇಕಾಗಿಲ್ಲ. ಮೊದಲ ಸಂಬಳ 20,000, ಕೊನೆಯದು 40,000, ಸರಾಸರಿ 30,000. ಗುಣಿಸು 132 ತಿಂಗಳು. 39 ಲಕ್ಷ 60 ಸಾವಿರ. ಮುಗೀತು.

ಇಲ್ಲಿ ಸಂಬಳದ ಜಾಗದಲ್ಲಿ ವೇಗ ಇಡಿ, ಇನ್‌ಕ್ರಿಮೆಂಟ್ ಜಾಗದಲ್ಲಿ ವೇಗೋತ್ಕರ್ಷ ಇಡಿ, ಒಟ್ಟು ದುಡಿಮೆಯ ಜಾಗದಲ್ಲಿ ಕ್ರಮಿಸಿದ ದೂರ ಇಡಿ. ಮೂರು ಸಮೀಕರಣವೂ ಇದರೊಳಗೇ ಇದೆ. ಮೊದಲ ವೇಗ ಮತ್ತು ಕೊನೆಯ ವೇಗದ ಸರಾಸರಿಯನ್ನ ಸಮಯದಿಂದ ಗುಣಿಸಿದರೆ ದೂರ ಸಿಗುತ್ತೆ ಅನ್ನೋ ಈ ಮಾತನ್ನ 14ನೇ ಶತಮಾನದಲ್ಲೇ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು ಹೇಳಿದ್ರು. ಪ್ಯಾರಿಸಿನಲ್ಲಿ ಒರೆಮ್ ಅನ್ನೋರು ಅದನ್ನ ಚಿತ್ರ ಬರೆದು ತೋರಿಸಿದ್ರು. ಆಗ ಅವರಿಗೆ ನಿಜವಾಗಿ ಹಾಗೆ ಚಲಿಸೋ ವಸ್ತು ಯಾವುದು ಅಂತ ಹುಡುಕೋ ಅವಸರ ಇರಲಿಲ್ಲ. ಅದನ್ನ ಹುಡುಕಿದ್ದು ಗೆಲಿಲಿಯೋ. ಅವರ ಹತ್ರ ಒಂದು ನಿಮಿಷದಲ್ಲಿ ಬರ್ತೀನಿ.

ಈಗ ಬ್ರೇಕ್. ಇದು ಇನ್‌ಕ್ರಿಮೆಂಟಿನ ಉಲ್ಟಾ. ಕಾಮರ್ಸ್ ಓದಿದೋರಿಗೆ ಹೇಳೋದಾದ್ರೆ ಸವಕಳಿ, ಅದರಲ್ಲೂ ಸ್ಟ್ರೈಟ್ ಲೈನ್ ಮೆಥಡ್. ಲಕ್ಷ ರೂಪಾಯಿಯ ಮೆಷಿನ್ ಪ್ರತಿ ವರ್ಷ ಹತ್ತು ಸಾವಿರ ಸವೆದು ಹತ್ತನೇ ವರ್ಷಕ್ಕೆ ಸೊನ್ನೆ ಆಗುತ್ತಲ್ಲ, ಹಾಗೆ. ಒಣಗಿದ ಡಾಂಬರು ರಸ್ತೆ, ಒಳ್ಳೆ ಟೈರು ಇದ್ದು, ಕಾರಿನ ಬ್ರೇಕನ್ನ ಪೂರ್ತಿ ಒತ್ತಿದರೆ ಪ್ರತಿ ಸೆಕೆಂಡಿಗೆ ಸುಮಾರು 7 ಮೀಟರ್‌ನಷ್ಟು ವೇಗ ಸವೆಯುತ್ತೆ ಅಂತ ಇಟ್ಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 27.8 ಮೀಟರ್. ಲೆಕ್ಕ ಸುಲಭ ಆಗ್ಲಿ ಅಂತ 28 ಅನ್ನೋಣ.

28, 21, 14, 7, ಸೊನ್ನೆ. ನಾಲ್ಕು ಸೆಕೆಂಡಲ್ಲಿ ಗಾಡಿ ನಿಂತಿತು. ಸರಾಸರಿ 14, ನಾಲ್ಕು ಸೆಕೆಂಡು, ದೂರ 56 ಮೀಟರ್.

ಇಲ್ಲಿಯವರೆಗೆ ಆಶ್ಚರ್ಯ ಏನೂ ಇಲ್ಲ. ಈಗ ಒಂದೊಂದೇ ಸೆಕೆಂಡನ್ನ ಬಿಡಿಸಿ ನೋಡಿ. ಮೊದಲನೇ ಸೆಕೆಂಡಲ್ಲಿ ವೇಗ 28ರಿಂದ 21ಕ್ಕೆ ಇಳಿಯಿತು, ಸರಾಸರಿ 24 ಪಾಯಿಂಟ್ 5, ಅಂದ್ರೆ ಇಪ್ಪತ್ನಾಲ್ಕೂವರೆ ಮೀಟರ್ ಹೋಯ್ತು. ಎರಡನೇ ಸೆಕೆಂಡಲ್ಲಿ ಹದಿನೇಳೂವರೆ. ಮೂರನೇದರಲ್ಲಿ ಹತ್ತೂವರೆ. ಕೊನೇ ಸೆಕೆಂಡಲ್ಲಿ ಬರೀ ಮೂರೂವರೆ ಮೀಟರ್. ಎಲ್ಲವನ್ನೂ ಮೂರೂವರೆಯಿಂದ ಭಾಗಿಸಿ: 7, 5, 3, 1.

ಈ ಬೆಸ ಸಂಖ್ಯೆಗಳನ್ನೇ ಗೆಲಿಲಿಯೋ ಕಂಡಿದ್ದು, ಆದರೆ ಹಿಂದಿನಿಂದ ಮುಂದಕ್ಕೆ. 1, 3, 5, 7. ನೇರ ಕೆಳಗೆ ಬೀಳೋ ವಸ್ತುವನ್ನ ಅಳೆಯೋಕೆ ಅವರ ಹತ್ರ ಗಡಿಯಾರ ಇರಲಿಲ್ಲ, ಅಷ್ಟು ಬೇಗ ಬಿದ್ದುಬಿಡುತ್ತೆ. ಅದಕ್ಕೆ ಮರದ ದಿಮ್ಮಿಯಲ್ಲಿ ಉದ್ದಕ್ಕೆ ಕಾಲುವೆ ಕೊರೆದು, ಒಳಗೆ ನುಣುಪಾದ ತೊಗಲಿನ ಹಾಳೆ ಅಂಟಿಸಿ, ದಿಮ್ಮಿಯನ್ನ ಸ್ವಲ್ಪ ಓರೆ ಮಾಡಿ, ಕಂಚಿನ ಗುಂಡು ಉರುಳಿಸಿದ್ರು. ಸಮಯಕ್ಕೆ ಏನು ಮಾಡಿದ್ರು ಗೊತ್ತಾ? ದೊಡ್ಡ ಪಾತ್ರೆ ತುಂಬ ನೀರು, ಅಡಿಯಲ್ಲಿ ಸಣ್ಣ ನಳಿಗೆ. ಗುಂಡು ಉರುಳುವಷ್ಟು ಹೊತ್ತು ಹರಿದ ನೀರನ್ನ ಲೋಟದಲ್ಲಿ ಹಿಡಿದು ತಕ್ಕಡಿಯಲ್ಲಿ ತೂಗಿದ್ರು. ನೀರಿನ ತೂಕವೇ ಸಮಯ. ನಮ್ಮ ಅಂಗಡಿ ಲೆಕ್ಕದ ಬುದ್ಧಿಗೆ ಇದು ತುಂಬಾ ಇಷ್ಟ ಆಗೋ ವಿಷಯ. 1638ರಲ್ಲಿ ಈ ಪುಸ್ತಕ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯ್ತು, ಯಾಕಂದ್ರೆ ಇಟಲಿಯಲ್ಲಿ ಅವರು ಏನನ್ನೂ ಪ್ರಕಟಿಸದ ಹಾಗೆ ಚರ್ಚಿನ ನಿರ್ಬಂಧ ಇತ್ತು. ಒಂದು, ಮೂರು, ಐದು, ಏಳು ಅಂತ ಕೂಡ್ತಾ ಹೋಗಿ: 1, 4, 9, 16. ಎಲ್ಲ ವರ್ಗಸಂಖ್ಯೆಗಳು. ಸಮಯ ಎರಡರಷ್ಟಾದರೆ ದೂರ ನಾಲ್ಕರಷ್ಟು.

ಮತ್ತೆ ನಮ್ಮ ಕಾರಿಗೆ ಬನ್ನಿ. ಬ್ರೇಕ್ ಒತ್ತಿದ ಮೊದಲ ಸೆಕೆಂಡಲ್ಲಿ ವೇಗದ ಕಾಲು ಭಾಗ ಮಾತ್ರ ಕಮ್ಮಿ ಆಯ್ತು, ಆದರೆ ನಿಲ್ಲೋಕೆ ಬೇಕಾದ ರಸ್ತೆಯಲ್ಲಿ ಹತ್ತಿರ ಹತ್ತಿರ ಅರ್ಧ ಖರ್ಚಾಗಿಹೋಯ್ತು. 56 ಮೀಟರಿನಲ್ಲಿ ಸರಿಯಾಗಿ ಅರ್ಧ, 28 ಮೀಟರ್ ಮುಗಿದಾಗ ವೇಗ ಎಷ್ಟಿರುತ್ತೆ ಹೇಳಿ? 50 ಅಂತ ಅನ್ನಿಸುತ್ತೆ. ಅಲ್ಲ, 71. ನಮ್ಮ ಅಂದಾಜು ತಪ್ಪೋದು ಇಲ್ಲೇ. ಪಾರ್ಕಿಂಗ್ ಜಾಗದಲ್ಲಿ, ಸಿಗ್ನಲ್ಲಿನಲ್ಲಿ ನಾವು ದಿನಾ ನೋಡೋದು ಬ್ರೇಕಿನ ಕೊನೆಯ ಸೆಕೆಂಡು, ಆ ಮೂರೂವರೆ ಮೀಟರ್. ಗಾಡಿ ಮೆತ್ತಗೆ, ಹೇಳಿದ ಮಾತು ಕೇಳೋ ಹಾಗೆ ನಿಲ್ಲುತ್ತೆ. ಅದೇ ನಂಬಿಕೆ ಇಟ್ಕೊಂಡು ಹೈವೇಗೆ ಹೋಗ್ತೀವಿ.

ಈಗ ಮೂರನೇ ಸಮೀಕರಣ. ವಿ ಸ್ಕ್ವೇರ್ ಈಕ್ವಲ್ ಟು ಯು ಸ್ಕ್ವೇರ್ ಪ್ಲಸ್ ಟು ಎ ಎಸ್. ಬ್ರೇಕ್ ಅಂದ್ರೆ 'ಎ' ಋಣಸಂಖ್ಯೆ, ಹಾಗಾಗಿ ಪ್ಲಸ್ ಹೋಗಿ ಮೈನಸ್ ಆಗುತ್ತೆ. ಇದರಲ್ಲಿ ಸಮಯವೇ ಇಲ್ಲ ಗಮನಿಸಿ. ವೇಗ ಮತ್ತು ದೂರ ಎರಡೇ. ಅರ್ಥ ಇಷ್ಟು: ಬ್ರೇಕ್ ಒತ್ತಿಕೊಂಡು ಸಾಗೋ ಪ್ರತಿ ಮೀಟರ್ ರಸ್ತೆಯೂ ವೇಗದ ವರ್ಗದಿಂದ ಒಂದೇ ಮೊತ್ತವನ್ನ ಕಳೆಯುತ್ತೆ. ವೇಗದಿಂದ ಅಲ್ಲ, ವೇಗದ ವರ್ಗದಿಂದ.

ಎರಡು ಕಾರು ಅಕ್ಕಪಕ್ಕ ಹೋಗ್ತಿವೆ, ಒಂದು 80ರಲ್ಲಿ, ಇನ್ನೊಂದು 100ರಲ್ಲಿ. ಎರಡೂ ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ಟೈರು. ಮುಂದೆ ಏನೋ ಅಡ್ಡ ಬಂತು, ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಕ್ಷಣದಲ್ಲಿ ಬ್ರೇಕ್ ಒತ್ತಿದ್ರು. 80ರ ಕಾರು ಸುಮಾರು 35 ಮೀಟರಿಗೆ ನಿಂತಿತು, ಅಡ್ಡ ಬಂದದ್ದಕ್ಕೆ ಒಂದು ಗೇಣು ಇರುವಾಗ. ಅದೇ ಜಾಗ ದಾಟೋವಾಗ 100ರ ಕಾರಿನ ವೇಗ ಎಷ್ಟು? 20 ಅಂತ ತಾನೇ ಮನಸ್ಸಿಗೆ ಬರೋದು? 100ರ ವರ್ಗ 10,000. ಅದರಲ್ಲಿ 80ರ ವರ್ಗ 6,400 ಕಳೆಯಿರಿ. ಉಳಿದದ್ದು 3,600. ಅದು 60ರ ವರ್ಗ.

ಅರವತ್ತು. ಒಂದು ಕಾರು ನಿಂತಿದೆ, ಪಕ್ಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗುದ್ದುತ್ತಿದೆ. ಬ್ರೇಕಿನ ಶಕ್ತಿ ಎಷ್ಟು ಅಂತ ಇದರಲ್ಲಿ ಬರಲೇ ಇಲ್ಲ ನೋಡಿ. ಒಣ ರಸ್ತೆಯಾದರೂ 60, ಒದ್ದೆ ರಸ್ತೆಯಾದರೂ 60, ಹಳೇ ಗಾಡಿಯಾದರೂ ಹೊಸ ಗಾಡಿಯಾದರೂ 60. ಎರಡೂ ಗಾಡಿ ಒಂದೇ ಥರ ಇದ್ದರೆ ಸಾಕು. ಗಾಡಿ ಚೆನ್ನಾಗಿದೆ ಅನ್ನೋ ವಾದ ಇಲ್ಲಿ ಬಿದ್ದುಹೋಗುತ್ತೆ.

60ರಲ್ಲಿ ಗುದ್ದೋದು ಅಂದ್ರೆ ಏನು ಅಂತ ಮನಸ್ಸಿಗೆ ಹತ್ತೋದಿಲ್ಲ, ಯಾಕಂದ್ರೆ ದಿನಾ 60ರಲ್ಲಿ ಹೋಗಿ ಅಭ್ಯಾಸ. ಅದಕ್ಕೂ ಇದೇ ಸಮೀಕರಣ ಬಳಸಬಹುದು. ಮೇಲಿಂದ ಬೀಳೋ ವಸ್ತು ಕೂಡ ಏಕರೂಪ ವೇಗೋತ್ಕರ್ಷದ್ದೇ, ಸೆಕೆಂಡಿಗೆ 9.8 ಮೀಟರಿನಂತೆ ವೇಗ ಏರುತ್ತೆ. ಗಂಟೆಗೆ 60 ಕಿಲೋಮೀಟರ್ ವೇಗ ಬರಬೇಕಾದ್ರೆ ಸುಮಾರು 14 ಮೀಟರ್ ಎತ್ತರದಿಂದ ಬೀಳಬೇಕು, ಅಂದ್ರೆ ನಾಲ್ಕನೇ ಮಹಡಿಯ ತಾರಸಿ. 100ಕ್ಕೆ 39 ಮೀಟರ್, ಹದಿಮೂರು ಮಹಡಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿದ್ರೆ ಕಾಲು ನಡುಗುತ್ತೆ, ಅದೇ ಎತ್ತರ ಸ್ಪೀಡೋಮೀಟರಿನಲ್ಲಿ ಮಲಗಿಕೊಂಡಿದ್ದರೆ ಏನೂ ಅನ್ನಿಸೋಲ್ಲ.

ಇಲ್ಲಿಯವರೆಗೆ ಚಾಲಕರಿಗೆ ಒಂದು ರಿಯಾಯಿತಿ ಕೊಟ್ಟಿದ್ದೆ. ಕಂಡ ಕ್ಷಣವೇ ಬ್ರೇಕ್ ಬಿತ್ತು ಅಂತ. ನಿಜಕ್ಕೂ ಕಣ್ಣು ನೋಡಿ, ಮಿದುಳಿಗೆ ಹೊಳೆದು, ಕಾಲು ಎಕ್ಸಲರೇಟರ್ ಬಿಟ್ಟು ಬ್ರೇಕಿನ ಮೇಲೆ ಬರೋಕೆ ಒಂದೂವರೆ ಸೆಕೆಂಡು ಹಿಡಿಯೋದು ಸಾಮಾನ್ಯ. ಫೋನ್ ಕೈಯಲ್ಲಿದ್ದರೆ ಇನ್ನೂ ಜಾಸ್ತಿ. ಆ ಒಂದೂವರೆ ಸೆಕೆಂಡು ಗಾಡಿ ಪೂರ್ತಿ ವೇಗದಲ್ಲೇ ಹೋಗ್ತಿರುತ್ತೆ. 80ರಲ್ಲಿ 33 ಮೀಟರ್, 100ರಲ್ಲಿ ಸುಮಾರು 42 ಮೀಟರ್. ಚಿಲ್ಲರೆ ಸರಿಮಾಡಿ ಬ್ರೇಕಿನ ದೂರ ಕೂಡಿಸಿದರೆ 80ರ ಕಾರು ನಿಲ್ಲೋಕೆ ಒಟ್ಟು 69 ಮೀಟರ್, 100ರದ್ದಕ್ಕೆ 97. ಈಗ ಮತ್ತೆ ಆ ಎರಡು ಕಾರಿನ ಲೆಕ್ಕ ಹಾಕಿದರೆ, ಮೊದಲನೇದು ನಿಂತ ಜಾಗದಲ್ಲಿ ಎರಡನೇದರ ವೇಗ 60 ಕೂಡ ಅಲ್ಲ, 71.

ಸರಿ, ಅಪಾಯ ಇದೆ, ಆದರೆ ಸಮಯ ಉಳಿಯುತ್ತಲ್ಲ ಅಂತೀರಿ. ಅದು ನ್ಯಾಯವಾದ ಪ್ರಶ್ನೆ. ಬಿಕಾಂನಲ್ಲಿ ನಮಗೆ ಹೇಳಿಕೊಟ್ಟಿದ್ದೂ ಅದನ್ನೇ: ಒಟ್ಟು ಲಾಭ ನೋಡಬೇಡ, ಇನ್ನೊಂದು ಮೆಟ್ಟಿಲು ಏರಿದರೆ ಎಷ್ಟು ಸಿಗುತ್ತೆ, ಎಷ್ಟು ಕೊಡಬೇಕು ನೋಡು. ಮಾರ್ಜಿನಲ್ ಲೆಕ್ಕ. ಬೆಂಗಳೂರು–ಮೈಸೂರನ್ನ 120 ಕಿಲೋಮೀಟರ್ ಅಂತ ಹಿಡಿಯಿರಿ, ಟ್ರಾಫಿಕ್ ಇಲ್ಲ, ಟೋಲ್ ಸಾಲಿಲ್ಲ, ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿಲ್ಲ. 40ರಲ್ಲಿ ಹೋದ್ರೆ ಮೂರು ಗಂಟೆ. 60ಕ್ಕೆ ಏರಿಸಿದರೆ ಒಂದು ಗಂಟೆ ಉಳಿಯುತ್ತೆ, ಅದಕ್ಕೆ ತೆರೋ ಬೆಲೆ, ನಿಲ್ಲೋ ದೂರ 19 ಮೀಟರ್ ಹೆಚ್ಚುತ್ತೆ. ಒಳ್ಳೆ ವ್ಯಾಪಾರ. 60ರಿಂದ 80ಕ್ಕೆ ಅರ್ಧ ಗಂಟೆ ಉಳಿಯುತ್ತೆ, ಬೆಲೆ 24 ಮೀಟರ್. ಪರವಾಗಿಲ್ಲ. 80ರಿಂದ 100ಕ್ಕೆ ಸಿಗೋದು 18 ನಿಮಿಷ, ಬೆಲೆ 28 ಮೀಟರ್. 100ರಿಂದ 120ಕ್ಕೆ? ಉಳಿಯೋದು 12 ನಿಮಿಷ, ತೆರೋದು 33 ಮೀಟರ್. ಪ್ರತಿ ಮೆಟ್ಟಿಲಿಗೂ ಸಿಗೋ ನಿಮಿಷ ಕಮ್ಮಿ ಆಗ್ತಾ ಹೋಗುತ್ತೆ, ಕೊಡೋ ಮೀಟರ್ ಜಾಸ್ತಿ ಆಗ್ತಾ ಹೋಗುತ್ತೆ. ಯಾವ ಅಂಗಡಿಯವನೂ ಇಂಥ ಸ್ಕೀಮಿಗೆ ಸಹಿ ಹಾಕೋಲ್ಲ. ಆ ಹನ್ನೆರಡು ನಿಮಿಷ ಕೆಂಗೇರಿ ದಾಟಿದ ಮೇಲೆ ಒಂದು ಜಾಮ್‌ನಲ್ಲೇ ಹೋಗಿಬಿಡುತ್ತೆ, ಅದು ಬೇರೆ ಮಾತು.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ದಶಪಥದಲ್ಲಿ ಈಗ ಕಾರಿಗೆ 100ರ ಮಿತಿ ಇದೆ, ಕ್ಯಾಮೆರಾ ಇದೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನ ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಬೈಕಿನವರಿಗೆ ಅದು ಸಿಟ್ಟು ತರಿಸಿದ್ದು ಸಹಜ, ಆದರೆ ಸಮೀಕರಣದ ಕಣ್ಣಲ್ಲಿ ನೋಡಿದರೆ ಅದಕ್ಕೊಂದು ಅರ್ಥ ಇದೆ: ಒಂದೇ ಲೇನಿನಲ್ಲಿ 30ರವನೂ 100ರವನೂ ಇದ್ದರೆ ಹಿಂದಿನವನು 70ರಷ್ಟು ವೇಗವನ್ನ ಕಣ್ಮುಂದಿನ ದೂರದಲ್ಲೇ ಕಳೀಬೇಕು. ನನ್ನ ತಕರಾರು ಬೇರೆ. ನಮ್ಮ ರಾಜ್ಯದ ಬಹುಪಾಲು ರಸ್ತೆ ದಶಪಥ ಅಲ್ಲ. ಅಲ್ಲಿ ಇಬ್ಬರೂ ಒಟ್ಟಿಗೇ ಹೋಗ್ತಾರೆ. ಅದರಲ್ಲೂ ರಾತ್ರಿ.

ಕಬ್ಬಿನ ಕಾಲದಲ್ಲಿ ಮಂಡ್ಯ ಕಡೆನೋ ಬೆಳಗಾವಿ, ಬಾಗಲಕೋಟೆ ಕಡೆನೋ ರಾತ್ರಿ ಹೋಗಿದ್ದೀರಾ? ಟ್ರ್ಯಾಕ್ಟರಿನ ಹಿಂದೆ ಟ್ರೇಲರ್, ಟ್ರೇಲರಿನಿಂದಾಚೆಗೆ ಚಾಚಿಕೊಂಡ ಕಬ್ಬಿನ ಹೊರೆ. ಹಿಂದಿನ ದೀಪ ಒಂದೋ ಇರೋಲ್ಲ, ಇದ್ದರೂ ಕಬ್ಬು ಮುಚ್ಚಿಕೊಂಡಿರುತ್ತೆ. ಎದುರಿಂದ ಬರೋ ಗಾಡಿಗೆ ಮರ್ಯಾದೆ ಕೊಟ್ಟು ನೀವು ಲೋ ಬೀಮ್‌ನಲ್ಲಿ ಇದ್ದೀರಿ. ಲೋ ಬೀಮ್‌ನಲ್ಲಿ ದೀಪವಿಲ್ಲದ, ಮಣ್ಣಿನ ಬಣ್ಣದ ವಸ್ತು ಒಂದು 55 ಮೀಟರ್ ದೂರದಲ್ಲಿ ಕಂಡಿತು ಅನ್ನೋಣ, ಅದೂ ಉದಾರವಾಗಿ. ಟ್ರ್ಯಾಕ್ಟರ್ ಕೆಟ್ಟು ನಿಂತಿದೆ.

100ರಲ್ಲಿ ಬರ್ತಿದ್ದರೆ ಆ 55 ಮೀಟರಿನಲ್ಲಿ 42 ಮೀಟರ್ ಕಾಲು ಬ್ರೇಕಿಗೆ ಬರೋವಷ್ಟರಲ್ಲೇ ಹೋಯ್ತು. ಉಳಿದದ್ದು 13. ಆ 13 ಮೀಟರ್ ಪೂರ್ತಿ ಬ್ರೇಕ್ ಒತ್ತಿ ಹೋದ ಮೇಲೂ ಕಬ್ಬಿನ ಹೊರೆಗೆ ತಗುಲೋ ವೇಗ 87. ಬ್ರೇಕ್ ಒತ್ತಿದ್ದೂ ಒಂದೇ, ಒತ್ತದೇ ಇದ್ದದ್ದೂ ಒಂದೇ ಅನ್ನೋ ಹಾಗೆ. 80ರಲ್ಲಿ ಬಂದರೆ 49. 70ರಲ್ಲಿ ಬಂದರೆ ಹೆಚ್ಚೂಕಮ್ಮಿ ಟ್ರೇಲರಿನ ಹತ್ತಿರ ಬಂದು ನಿಲ್ಲುತ್ತೆ, ಗುದ್ದಿದರೂ ಕಮ್ಮಿ ವೇಗದಲ್ಲಿ. ಮಳೆ ಬಿದ್ದಿದ್ದರೆ ಸೆಕೆಂಡಿಗೆ 7ರ ಬದಲು 4ರ ಲೆಕ್ಕ ಹಿಡಿಯಿರಿ, 70 ಕೂಡ ಸಾಲದು. ನಿಲ್ಲೋಕೆ ಎಷ್ಟು ದೂರ ಬೇಕು ಅನ್ನೋದು ಎಷ್ಟು ದೂರ ಕಾಣುತ್ತೆ ಅನ್ನೋದಕ್ಕಿಂತ ಜಾಸ್ತಿ ಆದ ಕೂಡಲೇ ಚಾಲಕ ಎಷ್ಟೇ ನಿಪುಣ ಆಗಿದ್ದರೂ ಮಾಡೋದಕ್ಕೇನೂ ಉಳಿಯೋಲ್ಲ. ಹಾಗಂತ ತಪ್ಪೆಲ್ಲ ಕಾರಿನವರದ್ದೇ ಅಂತ ನಾನು ಹೇಳಲ್ಲ. ಟ್ರೇಲರಿನ ಹಿಂದೆ ಅಂಟಿಸೋ ಕೆಂಪು ರಿಫ್ಲೆಕ್ಟರ್ ಪಟ್ಟಿಗೆ ಕೆಲವೇ ರೂಪಾಯಿ. ಅದು ಕಾಣೋ ದೂರವನ್ನ ಹೆಚ್ಚಿಸುತ್ತೆ, ಸಮೀಕರಣದಲ್ಲಿ 'ಎಸ್' ಅನ್ನೋ ಅಕ್ಷರವನ್ನ. ಕಾರ್ಖಾನೆ ಗೇಟಿನಲ್ಲಿ ಕಬ್ಬು ತೂಗೋವಾಗಲೇ ಆ ಪಟ್ಟಿ ಇದೆಯಾ ಅಂತ ನೋಡೋದು ಅಷ್ಟು ಕಷ್ಟದ ಕೆಲಸ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವನ್ನ ಅತಿವೇಗ ಅನ್ನೋ ಒಂದೇ ಕಾಲಂನಲ್ಲಿ ಹಾಕಿದ್ದಾರೆ. ಆ ಕಾಲಂ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದೆ. ಬೇರೆ ಕಾರಣ ಹುಡುಕೋ ತಾಪತ್ರಯ ಯಾಕೆ ಅಂತ ಠಾಣೆಯಲ್ಲಿ ಅತಿವೇಗ ಅಂತ ಬರೆದುಬಿಡೋದು ಸುಲಭ. ಕತ್ತಲು, ಗುಂಡಿ, ರಸ್ತೆಯ ತಪ್ಪು ವಿನ್ಯಾಸ ಎಲ್ಲ ಅದರೊಳಗೆ ಮುಚ್ಚಿಹೋಗುತ್ತೆ.

ಬೈಕಿನವರಿಗೆ ಏನೂ ಹೇಳಲಿಲ್ಲ ಅಂತ ಬೇಜಾರಾಗಬೇಡಿ, ಬಂದೆ. ಇದು ಅದೇ ಮೂರನೇ ಸಮೀಕರಣವನ್ನ ಎರಡು ಸಲ ಬಳಸೋ ಲೆಕ್ಕ. ಒಂದು ಎತ್ತರದಿಂದ ಬಿದ್ದು ವೇಗ ಗಳಿಸ್ತೀರಿ, ನೆಲಕ್ಕೆ ತಾಕಿ ಒಂದು ಸಣ್ಣ ದೂರದಲ್ಲಿ ಆ ವೇಗ ಕಳ್ಕೋತೀರಿ. ಎರಡನ್ನೂ ಪಕ್ಕಪಕ್ಕ ಬರೆದರೆ ವೇಗ ಹೊಡೆದುಹೋಗುತ್ತೆ, ಉಳಿಯೋದು ಸರಳ ಭಾಗಾಕಾರ: ಬಿದ್ದ ಎತ್ತರ ಭಾಗಿಸು ನಿಂತ ದೂರ. ಉತ್ತರ, ಭೂಮಿಯ ಎಳೆತಕ್ಕಿಂತ ಎಷ್ಟು ಪಟ್ಟು ಹೊಡೆತ ಅನ್ನೋದು. ಹೊಡೆತ ಪೂರ್ತಿ ಏಕರೂಪ ಇರೋಲ್ಲ, ಇದು ಸರಾಸರಿ. ಅಂದಾಜಿಗೆ ಸಾಕು.

ನಿಂತಿದ್ದ ಬೈಕಿನಿಂದ ಪಕ್ಕಕ್ಕೆ ಉರುಳಿದರೂ ತಲೆ ಸುಮಾರು 1.6 ಮೀಟರ್ ಎತ್ತರದಿಂದ ಬೀಳುತ್ತೆ ಅಂತ ಇಟ್ಕೊಳ್ಳಿ. ಬರೀ ತಲೆ ರಸ್ತೆಗೆ ತಾಕಿದರೆ ನಿಲ್ಲೋಕೆ ಸಿಗೋ ದೂರ ಕೆಲವೇ ಮಿಲಿಮೀಟರ್. 4 ಅನ್ನೋಣ. 1,600 ಭಾಗಿಸು 4, ನಾನೂರು ಪಟ್ಟು. ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲ್ ಪದರ 20 ಮಿಲಿಮೀಟರ್ ಜಜ್ಜಿಹೋಯ್ತು ಅನ್ನಿ: 1,600 ಭಾಗಿಸು 20, ಎಂಬತ್ತು ಪಟ್ಟು. ಐದನೇ ಒಂದು ಪಾಲು. ಹೆಲ್ಮೆಟ್ ಅಂದ್ರೆ ಮೇಲಿನ ಹೊಳೆಯೋ ಚಿಪ್ಪು ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಚಿಪ್ಪೂ ಬೇಕು, ಆದರೆ ನೀವು ದುಡ್ಡು ಕೊಟ್ಟು ಮುಖ್ಯವಾಗಿ ಕೊಂಡಿದ್ದು ಆ ಎರಡು ಸೆಂಟಿಮೀಟರ್ ದೂರ. ಪೊಲೀಸರು ಆಗಾಗ ಹಿಡಿದು ಕಿತ್ತುಕೊಳ್ಳೋ ಟೋಪಿ ಥರದ ಹಾಫ್ ಹೆಲ್ಮೆಟ್ ಇದೆಯಲ್ಲ, ಅದನ್ನ ತಿರುಗಿಸಿ ಒಳಗೆ ಬೆರಳಿಟ್ಟು ಒತ್ತಿ ನೋಡಿ. ಹೆಚ್ಚಿನವುಗಳಲ್ಲಿ ಬಟ್ಟೆ, ಅದರ ಕೆಳಗೆ ತೆಳುವಾದ ಸ್ಪಂಜು, ಕೂಡಲೇ ಪ್ಲಾಸ್ಟಿಕ್. ದಂಡ ತಪ್ಪಿಸೋಕೆ ಆಗಬಹುದು, ಭಾಗಾಕಾರದಲ್ಲಿ ಅದು ಬರೋದೇ ಇಲ್ಲ. ಒಮ್ಮೆ ಬಿದ್ದ ಹೆಲ್ಮೆಟ್ಟನ್ನ ಮತ್ತೆ ಬಳಸಬಾರದು ಅನ್ನೋದೂ ಇದಕ್ಕೇ. ಒಳಗಿನ ಪದರ ಜಜ್ಜಿಹೋದರೆ ಮತ್ತೆ ಉಬ್ಬೋಲ್ಲ, ಹೊರಗಿಂದ ನೋಡಿದರೆ ಹೊಸದರ ಹಾಗೇ ಇರುತ್ತೆ. ಕಾರಿನ ಸೀಟ್ ಬೆಲ್ಟಿನದೂ ಇದೇ ಕತೆ, ಮುಂಭಾಗ ಮುದುಡೋ ಅರ್ಧ ಮೀಟರನ್ನ ನಿಮ್ಮ ದೇಹಕ್ಕೂ ಕೊಡಿಸೋದು ಬೆಲ್ಟು. ಹಿಂದಿನ ಸೀಟಿನವರಿಗೂ ಅಷ್ಟೇ ಅನ್ವಯ.

ಗಾಡಿ ಓಡಿಸುವಾಗ ಇಷ್ಟೆಲ್ಲ ಗುಣಾಕಾರ ಮಾಡೋಕೆ ಆಗಲ್ಲ, ಗೊತ್ತು. ಮುಂದಿನ ಗಾಡಿ ಒಂದು ಕಂಬವನ್ನೋ ಮರವನ್ನೋ ದಾಟಿದ ಕೂಡಲೇ 'ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ' ಅಂತ ಎಣಿಸಿ. ಮೂರು ಸಾವಿರ ಮುಗಿಯೋದರೊಳಗೆ ನೀವೂ ಆ ಕಂಬ ದಾಟಿದರೆ ತೀರಾ ಹತ್ತಿರ ಇದ್ದೀರಿ. ಮಳೆ ಇದ್ದರೆ ಐದರವರೆಗೆ ಎಣಿಸಿ. ನಡುವೆ ಬಿಟ್ಟ ಜಾಗಕ್ಕೆ ಯಾರೋ ಒಬ್ಬರು ಬಂದು ನುಗ್ಗೇ ನುಗ್ತಾರೆ, ನಮ್ಮಲ್ಲಿ ಅದು ಗ್ಯಾರಂಟಿ. ನುಗ್ಗಲಿ. ಮತ್ತೆ ಒಂದರಿಂದ ಎಣಿಸಿ.

ಮುಂದಿನ ವಾರ ಮತ್ತೆ ದುಡ್ಡಿನ ವಿಷಯ. ಹೆಲ್ತ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರೋ ಕೋ-ಪೇ ಅಂದ್ರೆ ಏನು ಅಂತ ನೋಡೋಣ. ಇವತ್ತಿನ ಲೆಕ್ಕದಲ್ಲಿ ಎಲ್ಲಾದರೂ ಅರ್ಥ ಆಗದೇ ಹೋದರೆ ಬರೆದು ಕಳಿಸಿ, ಉತ್ತರ ಕೊಡ್ತೀನಿ.